ಬಿಸಿ ನೋಡಿದ ಕೈ

ಸೆಪ್ಟೆಂಬರ್ 5, ಗುರುವಾರ. ಬೆಳಿಗ್ಗೆ 6.10

ನಲ್ಲಿ ಬಂತು. ಎರಡು ಡ್ರಮ್ಮು ತುಂಬಿಸಿ ಆಯಿತು. ಮೋಹಿನಿಗೆ ಮಂಡಿನೋವು, ಏಳಿಸಲಿಲ್ಲ. ಚಹಾ ನಾನೇ ಮಾಡಿದೆ. ಎದ್ದು ಒಂದು ಗುಟುಕು ಕುಡಿದು, ಸಕ್ಕರೆ ಕಡಿಮೆ ಎಂದಳು. ಮದುವೆಯಾಗಿ ನಲವತ್ತಾರು ವರ್ಷ. ಅದೇ ಮಾತು.

ಯಕ್ಷಿತಾ ಇನ್ನೂ ಮಲಗಿದ್ದಾಳೆ. ಮಗಳ ಮಗಳು. ಅಪ್ಪ ಅಮ್ಮ ಶಹರದ ಆ ತುದಿ ಮುಲುಂಡಿನಲ್ಲಿ, ಕಾಲೇಜು ಇಲ್ಲಿ ಪಾರ್ಲೆಯಲ್ಲಿ. ಹಾಗಾಗಿ ನಮ್ಮ ಚಾಳಿನ ಒಂದೂವರೆ ಕೋಣೆಯಲ್ಲಿ ಮೂರನೆಯವಳು. ಪ್ರಾಣಿಶಾಸ್ತ್ರ ಓದುತ್ತಾಳೆ. ಸಮುದ್ರದ ಜೀವ ಉಳಿಸುವ ಗುಂಪು ಒಂದು ಉಂಟಂತೆ, ಅದರಲ್ಲಿ ಸೇರಿದ್ದಾಳೆ. ಸಂಬಳ ಇಲ್ಲ. ಓಡಾಟ ಮಾತ್ರ.

ನಿನ್ನೆ ಚಾಳಿನ ಮೆಟ್ಟಿಲಿಗೆಲ್ಲ ಕಾಗದ ಅಂಟಿಸಿದಳು. ಮರಾಠಿ, ಹಿಂದಿ, ಕನ್ನಡ. ಕನ್ನಡದ್ದು ನನ್ನಿಂದ ಬರೆಸಿದಳು. ಗಣಪತಿ ಬಿಡುವ ದಿನ ಜುಹೂ ದಂಡೆಯ ನೀರಿನಲ್ಲಿ ತೊರಕೆ ಮೀನು ಇರಬಹುದು. ಮರಳಿನಲ್ಲಿ ಹೂತು ಮಲಗಿರುತ್ತದೆ. ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಬೂಟು ಹಾಕಿ. ಕಾಲು ಎತ್ತಿ ಇಡಬೇಡಿ, ಮರಳಿಗೆ ತಾಗಿಸಿ ಸರಿಸುತ್ತ ಹೋಗಿ — ಸದ್ದು ಗೊತ್ತಾಗಿ ಮೀನೇ ಜಾಗ ಬಿಡುತ್ತದೆ. ಚುಚ್ಚಿದರೆ ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಕಾಲಿಟ್ಟು ಆಸ್ಪತ್ರೆಗೆ ಹೋಗಿ. ಮೀನನ್ನು ಕೊಲ್ಲಬೇಡಿ.

ಬರೆದುಕೊಟ್ಟೆ. ಆದರೆ ದೇವರನ್ನು ಹೊತ್ತವ ಬೂಟು ಹಾಕುವುದೇ? ಹುಚ್ಚು.

"ಅಜ್ಜ, ಶಾರ್ಕ್ ಗೊತ್ತಲ್ಲ? ಇದು ಅದರ ಕಝಿನ್."

"ಶಾರ್ಕ್ ನನಗೆ ಹೇಳಿಕೊಡ್ತೀಯಾ? ತಾಟೆ ಮೀನಿನ ಗಸಿ ತಿಂದು ಬೆಳೆದವ ನಾನು."

"ವಹೀ ತೋ, ಅದೇ! ಅದು ನಮ್ಮನ್ನು ತಿಂದದ್ದು ಎಷ್ಟು, ನಾವು ಅದನ್ನು ತಿಂದದ್ದು ಎಷ್ಟು — ನೀವೇ ಹೇಳು."

ನೀವೇ ಹೇಳು! ಇವಳ ಕನ್ನಡಕ್ಕೆ ಬೆಂಕಿ ಬೀಳಲಿ. ಬಾಯಿ ಮಾತ್ರ ಜೋರು. ನನ್ನದೇ.

ಭಾನುವಾರ ಒಂದೂವರೆ ದಿನದ ಗಣಪತಿಗಳು ಹೋಗುತ್ತವೆ. ಅವಳ ಗುಂಪು ದಂಡೆಯಲ್ಲಿ ನಿಲ್ಲುತ್ತದೆ, ಬಿಸಿನೀರು ಬೇಕಂತೆ. ನಾನು ಕೆಲಸ ಮಾಡಿದ ಹೋಟೆಲಿನಲ್ಲಿ ಚಹಾ ಕೊಡುವ ದೊಡ್ಡ ಡಬ್ಬ ಉಂಟು, ನಲ್ಲಿ ಇರುವಂಥದ್ದು, ಆರು ಗಂಟೆ ಬಿಸಿ ಆರುವುದಿಲ್ಲ. ಕೇಳಿ ತಂದುಕೊಡುತ್ತೇನೆ ಎಂದೆ. ಬಯ್ದುಕೊಂಡೇ ಎಂದೆ.

ಸೆಪ್ಟೆಂಬರ್ 7, ಶನಿವಾರ

ಚಾಳಿನ ಗಣಪತಿ ಬಂದ. ಮೂರಡಿ. ಹನ್ನೊಂದು ದಿನ ಇರುತ್ತಾನೆ. ಎರಡನೇ ಮಹಡಿಯ ಬಸವಂತಪ್ಪ ಮುಂದಾಳು. ವಿಜಾಪುರದ ಕಡೆಯವ, ಸ್ಲ್ಯಾಬ್ ಹಾಕುವ ಮೇಸ್ತ್ರಿ. ಅವನ ಕೈಕೆಳಗಿನ ಹತ್ತು ಹನ್ನೆರಡು ಜನರೇ ಪ್ರತಿ ವರ್ಷ ಹೊರುವವರು. ಅವನ ಮನೆಯಲ್ಲೂ ಒಂದು ಸಣ್ಣ ಗಣಪತಿ, ಒಂದೂವರೆ ದಿನದ್ದು.

ಮೆಟ್ಟಿಲ ಕಾಗದ ಓದಿ ನಕ್ಕ. "ಏನ್ರಿ ಕಾಕಾ, ನಿಮ್ಮ ಮೊಮ್ಮಗಳು ನಮಗ ನಡಿಯೋದು ಕಲಸ್ತಾಳಂತ? ಇಪ್ಪತ್ತೆರಡು ಮಾಳಿಗಿ ಏರಿ ಬಂದ ಕಾಲು ಇವು."

"ಕಾಲು ಏರಿದೆ. ತಲೆ ಕೆಳಗೇ ಉಳಿದಿದೆ" ಎಂದೆ.

ಎಲ್ಲರೂ ನಕ್ಕರು. ಅವನೂ. ಅವನ ತಮ್ಮ ಯಲ್ಲಾಲಿಂಗ ಎಲ್ಲರಿಗಿಂತ ಹೆಚ್ಚು ನಕ್ಕ. ಇಪ್ಪತ್ತಾರು ವಯಸ್ಸು, ಕುರ್ಲಾದ ಸೈಟಿನಲ್ಲಿ ಸರಳು ಕಟ್ಟುತ್ತಾನೆ. ನಕ್ಕರೆ ಇಡೀ ಚಾಳಿಗೆ ಕೇಳುತ್ತದೆ.

ಸೆಪ್ಟೆಂಬರ್ 8, ಭಾನುವಾರ. ರಾತ್ರಿ 8

ಯಲ್ಲಾಲಿಂಗನಿಗೇ ಚುಚ್ಚಿತು.

ಮನೆಯ ಗಣಪತಿಯನ್ನು ಎದೆಗೆ ಅವಚಿ ಮೊಣಕಾಲು ನೀರಿಗೆ ಇಳಿದಿದ್ದ. ಸುಮ್ಮನೆ ಇಳಿಯಲಿಲ್ಲ, ಡೋಲಿನ ತಾಳಕ್ಕೆ ಹಾರಿ ಹಾರಿ ಇಳಿದ. ಯಕ್ಷಿತಾ ಕೂಗಿದಳು, ಯಾರಿಗೆ ಕೇಳುತ್ತದೆ? ಒಮ್ಮೆಲೇ ಕಿರುಚಿದ. ಆ ನೋವಿನಲ್ಲೂ ಮೂರ್ತಿ ಬಿಡಲಿಲ್ಲ. ಅಣ್ಣನ ಕೈಗೆ ಕೊಟ್ಟು ಆಮೇಲೆ ಬಿದ್ದ. ಪಾದದ ಗಂಟಿನ ಕೆಳಗೆ ತೂತು. ರಕ್ತ.

ನಾನು ಡಬ್ಬದ ಪಕ್ಕ ಕುಳಿತಿದ್ದೆ. ಎಳೆದು ತಂದು ಮಲಗಿಸಿದರು. ಯಕ್ಷಿತಾ ಗಾಯ ತೊಳೆದು ನೋಡಿದಳು. ಮುಳ್ಳು ಒಳಗೆ ಉಳಿದಿಲ್ಲ. "ಅಜ್ಜ, ಬಿಸಿನೀರು! ಬೇರಬಲ್ ಇರ್ಬೇಕು, ತಡೆಯೋಷ್ಟೇ, ಹಾಂ — ಚೆಕ್ ಮಾಡಿ ಹಾಕು!" ಎಂದು ಹೇಳಿ, ಆಂಬ್ಯುಲೆನ್ಸಿಗೆ ಫೋನು ಮಾಡಲು ಗದ್ದಲ ಬಿಟ್ಟು ಆಚೆ ಓಡಿದಳು.

ಟಬ್ಬಿಗೆ ಬಿಸಿ ಬಿಟ್ಟೆ. ಒಂದು ಮಗ್ಗು ತಣ್ಣೀರು ಹಾಕಿದೆ. ಕೈ ಅದ್ದಿ ನೋಡಿದೆ. ಉಗುರುಬೆಚ್ಚಗೆ. ಇನ್ನೂ ಸ್ವಲ್ಪ ಬಿಸಿ ಬಿಡಬೇಕು ಎನಿಸಿತು, ಬಿಟ್ಟೆ. ಅವನ ಕಾಲು ಅದ್ದಿದೆ.

"ಸಾಕು ಕಾಕಾ, ಸಾಕು! ಸಾಕು!"

"ಗಂಡಸಲ್ವಾ ಮಾರಾಯ? ತಡ್ಕೊ. ವಿಷ ಇಳಿಬೇಕು" ಎಂದು ಮಂಡಿ ಒತ್ತಿ ಹಿಡಿದೆ. ಎರಡು ನಿಮಿಷ ಹಿಡಿದಿರಬೇಕು. ಒದ್ದು ಟಬ್ಬು ಬೀಳಿಸಿದ. ಅಷ್ಟರಲ್ಲಿ ಗಾಡಿ ಬಂತು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಕಳಿಸಿದ್ದಾರೆ. ಸಣ್ಣ ಗಾಯವಂತೆ. ಎರಡು ದಿನದಲ್ಲಿ ನೋವು ಹೋಗುತ್ತದಂತೆ.

ಮನೆಗೆ ಬಂದು ನೀರುದೋಸೆ ಎರಡು ಹೆಚ್ಚು ತಿಂದೆ. ಎಪ್ಪತ್ತೆರಡು ವಯಸ್ಸಿಗೆ ಯಾವುದಾದರೂ ಪ್ರಯೋಜನಕ್ಕೆ ಬಂದೆನಲ್ಲ. ಮೋಹಿನಿಗೂ ಹೇಳಿದೆ. ಎರಡು ಸಲ ಹೇಳಿದೆನಂತೆ.

ಸೆಪ್ಟೆಂಬರ್ 9, ಸೋಮವಾರ. ಮಧ್ಯಾಹ್ನ

ಚಾಳಿನ ಎಲ್ಲರ ಮೊಬೈಲಿನಲ್ಲಿ ಒಂದೇ ವಿಡಿಯೋ. ಜುಹೂನಲ್ಲಿ ಶಾರ್ಕ್ ಬಂದಿದೆ, ಒಬ್ಬನ ಕಾಲು ಕಡಿದಿದೆ ಎಂದು. ವಿಡಿಯೋದಲ್ಲಿ ನೀಲಿ ನೀರು. ಜುಹೂ ನೀರು ಯಾವ ಕಾಲಕ್ಕೆ ನೀಲಿ ಇತ್ತು? ಯಾವುದೋ ದೇಶದ್ದು ಎಂದು ಯಕ್ಷಿತಾ ಮನೆ ಮನೆಗೆ ಹೋಗಿ ಹೇಳಿ ಬಂದಳು. ಶಾರ್ಕ್ ಅಲ್ಲ, ತೊರಕೆ. ಕಡಿದದ್ದಲ್ಲ, ತುಳಿದದ್ದಕ್ಕೆ ಚುಚ್ಚಿದ್ದು. ಯಾರೂ ಒಪ್ಪಲಿಲ್ಲ. ಕಡಿಯುವ ಮೀನಿಗೆ ಇರುವ ಮರ್ಯಾದೆ ಚುಚ್ಚುವ ಮೀನಿಗೆ ಇಲ್ಲ.

ಯಲ್ಲಾಲಿಂಗನನ್ನು ನೋಡಿ ಬಂದೆ. ಪಾದದ ತುಂಬ ಗುಳ್ಳೆ ಎದ್ದಿದೆ. ನೆಲಕ್ಕೆ ಊರಲು ಆಗುವುದಿಲ್ಲ. ಅವನ ಅತ್ತಿಗೆ ರುದ್ರವ್ವ ಬೀಸಣಿಗೆ ಬೀಸುತ್ತ ಕುಳಿತಿದ್ದಳು. "ವಿಷ ಏರ್ಯದ ನೋಡ್ರಿ ಕಾಕಾ" ಎಂದಳು.

ವಿಷವೇ ಇರಬೇಕು.

ಸೆಪ್ಟೆಂಬರ್ 10, ಮಂಗಳವಾರ

ವಿಷ ಅಲ್ಲ. ಸುಟ್ಟ ಗಾಯ. ಕುದಿಯುವ ನೀರು ಸುರಿದ ಬುದ್ಧಿವಂತ ಯಾರು ಎಂದು ಡಾಕ್ಟರ್ ಕೇಳಿದನಂತೆ. ಮೂರು ವಾರ ಸೈಟಿಗೆ ಹೋಗುವಂತಿಲ್ಲ. ದಿನಾ ಡ್ರೆಸ್ಸಿಂಗ್.

ಬಸವಂತಪ್ಪ ನಮ್ಮ ಬಾಗಿಲಿಗೆ ಬಂದ. ಒಳಗೆ ಬಾ ಎಂದರೆ ಬರಲಿಲ್ಲ.

"ಮುಳ್ಳಿನ ನೋವು ಮರುದಿನನ ಹೋಗಿತ್ತಂತ. ಕಾಲು ಕೆಡಿಸಿದ್ದು ನಿಮ್ಮ ಹುಡುಗಿ ಹೇಳಿದ ಔಷಧ. ಮೀನ ಉಳಸಾಕ ಹೋಗಿ ಮನಷ್ಯಾನ ಸುಟ್ಟಳಲ್ರಿ!"

"ನೀರು ನಾನು ನೋಡಿದ್ದೆ. ಉಗುರುಬೆಚ್ಚಗಿತ್ತು. ನಿನ್ನ ಡಾಕ್ಟರಿಗೆ ತಲೆ ಸರಿ ಇಲ್ಲ" ಎಂದೆ. ಜೋರಾಗಿಯೇ ಎಂದೆ.

ಯಕ್ಷಿತಾ ನನ್ನನ್ನು ಸರಿಸಿ ಮುಂದೆ ಬಂದಳು. "ಸಾರಿ ಅಂಕಲ್. ಮೇರಿ ಗಲತಿ ಹೈ, ನನ್ನ ತಪ್ಪು. ಥರ್ಮಾಮೀಟರ್ ತರ್ಬೇಕಿತ್ತು. ನಾನು ಅಲ್ಲೇ ನಿಲ್ಬೇಕಿತ್ತು."

ಅವನು ಅವಳ ಮುಖ ನೋಡಲಿಲ್ಲ. ನನಗೆ ಹೇಳಿದ: ಹದಿನೇಳಕ್ಕೆ ದೊಡ್ಡ ಗಣಪತಿ ಹೋಗುತ್ತದೆ. ಅವತ್ತು ಬೆಳಿಗ್ಗೆ ಬಲೆಯವರನ್ನು ಕರೆಸುತ್ತಾನೆ. ನಾವು ಇಳಿಯುವ ಜಾಗ ಪೂರ್ತಿ ಎಳೆಸುತ್ತಾನೆ. ಬಂದದ್ದನ್ನೆಲ್ಲ ಮರಳಿಗೆ ಹಾಕಿ ಬಡಿಯುವುದು. ಕಾಲು ಸರಿಸುವ ಆಟ ಇನ್ನು ಬೇಡ. ಆ ಹುಡುಗಿಯ ಮಾತು ಇನ್ನು ಯಾರೂ ಕೇಳುವುದಿಲ್ಲ.

"ಮರಿಗಳು ಇರ್ತಾವೆ ಅಂಕಲ್, ದಂಡೆ ಹತ್ರಾನೇ..." ಎಂದಳು. ಅವನು ಹೋಗಿಯಾಗಿತ್ತು.

ಮೆಟ್ಟಿಲಿನ ಕಾಗದಗಳನ್ನು ಅವಳೇ ಹೋಗಿ ಕಿತ್ತು ತಂದಳು. ನಾನು ಬರೆದದ್ದು ಮೇಲಿತ್ತು.

ಸೆಪ್ಟೆಂಬರ್ 11, ಬುಧವಾರ. ಬೆಳಿಗ್ಗೆ 11

ಚಹಾ ಮೋಹಿನಿ ಮಾಡಿದಳು. ಸ್ಟೀಲ್ ಲೋಟವನ್ನು ಸೆರಗಿನಲ್ಲಿ ಹಿಡಿದು ತಂದಳು. ನಾನು ಬರಿಗೈಯಲ್ಲಿ ತೆಗೆದುಕೊಂಡೆ. ದಿನಾ ಹಾಗೆಯೇ. ಯಕ್ಷಿತಾ ಸಪ್ಪೆ ಮುಖ ಮಾಡಿ ಕುಳಿತಿದ್ದಳು, ನೀನು ಕುಡಿ ಎಂದು ನನ್ನ ಲೋಟ ಅವಳ ಕೈಗೆ ಕೊಟ್ಟೆ.

"ಆಯ್!" ಎಂದು ಬಿಟ್ಟುಬಿಟ್ಟಳು. ಚಹಾ ನೆಲಕ್ಕೆ. ಬೆರಳು ಕೆಂಪಾದವು. ಉಫ್ ಎಂದು ಊದುತ್ತ ನಲ್ಲಿಯ ಕಡೆ ಓಡಿದಳು.

ನಾನು ನನ್ನ ಕೈ ನೋಡಿದೆ. ಏನೂ ಇಲ್ಲ.

ಐವತ್ತೊಂದು ವರ್ಷ ಕಾವಲಿಯ ಮುಂದೆ. ಸಟ್ಟುಗ ಇಲ್ಲದೆ ದೋಸೆ ಎತ್ತುತ್ತಿದ್ದೆ. ಕಾದ ಕಾವಲಿಗೆ ಬೆರಳು ತಾಗಿಸಿ ಹದ ನೋಡುತ್ತಿದ್ದೆ. ಗಿರಾಕಿಗಳು ನಿಂತು ನೋಡಿ ಶಾಭಾಸ್ ಎನ್ನುತ್ತಿದ್ದರು. ಹೆಮ್ಮೆ ಇತ್ತು.

ಅವಳು ಕಾಲೇಜಿಗೆ ಹೋದ ಮೇಲೆ ನೀರು ಕಾಯಿಸಿದೆ. ಬೆರಳು ಅದ್ದಿದೆ — ಉಗುರುಬೆಚ್ಚಗೆ. ಅಂಗೈ ಅದ್ದಿದೆ — ಉಗುರುಬೆಚ್ಚಗೆ. ಮೊಣಕೈ ಅದ್ದಿದೆ. ಹಾರಿಬಿದ್ದೆ.

ಮೋಹಿನಿ ಬಾಗಿಲಲ್ಲಿ ನಿಂತು ನೋಡಿದಳು. ತೆಂಗಿನೆಣ್ಣೆ ತಂದು ಮೊಣಕೈಗೆ ಹಚ್ಚಿದಳು.

ಸೆಪ್ಟೆಂಬರ್ 14, ಶನಿವಾರ

ಎರಡು ದಿನ ಬರೆಯಲಿಲ್ಲ. ಬರೆಯುವುದಕ್ಕೆ ಇದ್ದದ್ದು ಒಂದೇ ಮಾತು.

ದಿನಾ ಬೆಳಿಗ್ಗೆ ಒಂಬತ್ತಕ್ಕೆ ಯಲ್ಲಾಲಿಂಗನನ್ನು ರಿಕ್ಷಾದಲ್ಲಿ ಡ್ರೆಸ್ಸಿಂಗಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಯಾರೂ ಹೇಳಲಿಲ್ಲ, ನಾನೇ ಹೋದೆ. ಅವನ ಅಣ್ಣನಿಗೆ ಸೈಟು ಬಿಡಲು ಆಗುವುದಿಲ್ಲ. ಗಾಯದ ಹಳೆ ಪಟ್ಟಿ ಬಿಚ್ಚುವಾಗ ಯಲ್ಲಾಲಿಂಗ ನನ್ನ ಕೈ ಹಿಡಿದುಕೊಳ್ಳುತ್ತಾನೆ. ಬಿಗಿಯಾಗಿ. ಇದೇ ಕೈ. "ಕಾಕಾ, ನೀವು ಬಂದ್ರ ಧೈರ್ಯ ಬರ್ತದ" ಎನ್ನುತ್ತಾನೆ. ಹೇಳಬೇಕೆಂದು ಬಾಯಿ ತೆರೆಯುತ್ತೇನೆ. "ಅಲುಗಾಡಬೇಡ, ಕತ್ತೆ" ಎಂದು ಬರುತ್ತದೆ.

ಯಕ್ಷಿತಾ ಇವತ್ತು ಮುಲುಂಡಿಗೆ ಹೋದಳು. ಹಬ್ಬ ಮುಗಿಯುವವರೆಗೆ ಅಲ್ಲೇ ಇರುತ್ತಾಳಂತೆ. ಚಾಳಿನ ಹೆಂಗಸರು ನಲ್ಲಿಯ ಹತ್ತಿರ ಅವಳನ್ನು ನೋಡಿ ಮಾತು ನಿಲ್ಲಿಸುತ್ತಾರೆ. ಗುಂಪಿಗೂ ಬರುವುದಿಲ್ಲ ಎಂದು ಹೇಳಿಬಿಟ್ಟಿದ್ದಾಳೆ. ಚೀಲ ಹೆಗಲಿಗೆ ಹಾಕಿಕೊಂಡು ಕಾಲಿಗೆ ಬಿದ್ದಳು. ತಲೆ ಮುಟ್ಟಿದೆ. ಆಗಲಾದರೂ ಹೇಳಬಹುದಿತ್ತು. ಲೋಕಲ್ ರಷ್ ಆಗುತ್ತದೆ, ಬೇಗ ಹೋಗು ಎಂದೆ.

ಸಂಜೆ ಮೋಹಿನಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ತಲೆ ಎತ್ತದೆಯೇ ಹೇಳಿದಳು:

"ನಿಮಗೆ ಬಾಯಿ ಉಂಟು. ಬಯ್ಲಿಕ್ಕೆ ಉಂಟು, ಹೋಟ್ಲಿನವ್ರ ಹತ್ರ ಜಗಳ ಮಾಡ್ಲಿಕ್ಕೆ ಉಂಟು. ಹೀಗೆ ಆಯ್ತು ಅಂತ ಒಂದು ಮಾತು ಹೇಳ್ಲಿಕ್ಕೆ ಮಾತ್ರ ಇಲ್ಲ."

"ನಿನಗೆ ಎಂತ ಗೊತ್ತು?"

"ಎಂತ ಗೊತ್ತಿಲ್ಲ? ನಲವತ್ತಾರು ವರ್ಷದಿಂದ ನಿಮ್ಮ ಲೋಟ ಸೆರಗಲ್ಲಿ ಹಿಡಿದು ಕೊಡ್ತಿದ್ದೇನೆ."

ಸಿಟ್ಟು ಬಂತು. ಹೊರಗೆ ಹೋದೆ. ಪಾರ್ಲೆ ಸ್ಟೇಷನ್ನಿನ ಬ್ರಿಜ್ಜಿನ ಮೇಲೆ ನಿಂತೆ. ಎಷ್ಟು ಲೋಕಲ್ ಹೋದವೋ. ಹೆದರಿಕೆ ಯಾರದ್ದು? ಬಸವಂತಪ್ಪ ಹೊಡೆಯುವುದಿಲ್ಲ. ಪೋಲೀಸು ಬರುವುದಿಲ್ಲ. ಚಾಳಿನಲ್ಲಿ ಹೆಚ್ಚು ಮಾತಾಡುವವ ನಾನು. ಎಲ್ಲರ ತಪ್ಪು ಎತ್ತಿ ತೋರಿಸಿದವ. ಅಷ್ಟೇ ಹೆದರಿಕೆ. ಅಷ್ಟಕ್ಕೇ ಆ ಹುಡುಗಿ ತಲೆ ತಗ್ಗಿಸಿ ಹೋದಳು.

ಸೆಪ್ಟೆಂಬರ್ 15, ಭಾನುವಾರ. ಮಧ್ಯಾಹ್ನ 3

ಹೇಳಿದೆ.

ಹನ್ನೊಂದಕ್ಕೆ ಗಣಪತಿಯ ಮುಂದೆ ಮೀಟಿಂಗ್ ಇತ್ತು. ಹೊರುವವರೆಲ್ಲ ಕುಳಿತಿದ್ದರು. ಬಸವಂತಪ್ಪ ಬಲೆಯವನ ಮಾತು ತೆಗೆದ. ಬೆಳಿಗ್ಗೆ ಆರಕ್ಕೆ ಬರುತ್ತಾನೆ, ಬಿದಿರಿನ ಕೋಲು ನಾವೇ ಒಯ್ಯಬೇಕು, ಹೀಗೆ. ಎದ್ದು ನಿಂತೆ.

"ಬಲೆ ಆಮೇಲೆ. ಮೊದಲು ಇದು ಕೇಳಿ. ಅವತ್ತು ನೀರು ನೋಡಿದ್ದು ನಾನು. ಹುಡುಗಿ ಸರಿಯಾಗಿ ಹೇಳಿದ್ಲು, ಚೆಕ್ ಮಾಡಿ ಹಾಕು ಅಂತ. ನನ್ನ ಕೈಗೆ ಬಿಸಿ ಗೊತ್ತಾಗುದಿಲ್ಲ. ಸುಟ್ಟದ್ದು ನಾನು."

ಯಾರೂ ನಂಬಲಿಲ್ಲ! ಇದನ್ನು ಎಣಿಸಿರಲಿಲ್ಲ. ಬಸವಂತಪ್ಪ ಮೆತ್ತಗೆ ಹೇಳಿದ, "ಮೊಮ್ಮಗಳಿಗೆ ಅಡ್ಡ ನಿಲ್ಲಬ್ಯಾಡ್ರಿ ಕಾಕಾ. ತಿಳೀತದ ನಮಗ."

"ಅಡ್ಡ ನಿಲ್ಲಲಿಕ್ಕೆ ನಾನೆಂತ ಗೋಡೆಯಾ?"

ಚಹಾದ ಕೆಟಲು ಅಲ್ಲೇ ಇತ್ತು, ಆಗಷ್ಟೇ ಇಳಿಸಿದ್ದು, ಹೊಗೆಯಾಡುತ್ತಿತ್ತು. ಒಂದು ಬಟ್ಟಲಿಗೆ ಸುರಿದೆ. ನಾಲ್ಕು ಬೆರಳು ಅದ್ದಿದೆ. ಬಸವಂತಪ್ಪನ ಮುಖ ನೋಡುತ್ತ ನಿಂತೆ. ಅವನೂ ಬೆರಳು ಇಟ್ಟ, ತಕ್ಷಣ ಎಳೆದುಕೊಂಡ. ನಾನು ತೆಗೆಯಲಿಲ್ಲ. ಅವನು ನನ್ನ ಮಣಿಕಟ್ಟು ಹಿಡಿದು ಎಳೆದ. ಬಟ್ಟಲು ಉರುಳಿತು. ಡೋಲಿನವನು ಸುಮ್ಮನೆ ಕೋಲು ಕೆಳಗಿಟ್ಟ.

ಬಸವಂತಪ್ಪ ನನ್ನ ಕೈಯನ್ನು ಮಗುಚಿ ನೋಡಿದ. ಬೆರಳ ತುದಿ ಉಗುರಿನಿಂದ ಕೆರೆದ. "ಇಲ್ಲಿ?" ಇಲ್ಲ ಎಂದೆ. "ಇಲ್ಲಿ?" ಇಲ್ಲ. ತನ್ನ ಕೈ ಮುಂದೆ ಹಿಡಿದ. ಸಿಮೆಂಟು ತಿಂದು ತಿಂದು ರೇಖೆಯೇ ಇಲ್ಲದ ಕೈ.

ಆಮೇಲೆ ಗಂಟು ಮುಖ ಮಾಡಿ ಹೇಳಿದ: "ನನಗ ಹೇಳಬ್ಯಾಡ್ರಿ. ಅಂವಗ ಹೇಳ್ರಿ."

ಎರಡನೇ ಮಹಡಿ ಹತ್ತಿದೆ. ಯಲ್ಲಾಲಿಂಗ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದ. ಹೇಳಿದೆ. ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಮುಖ ಗೋಡೆಗೆ ತಿರುಗಿಸಿದ.

"ಸಾಕು ಅಂದೆ ನಾ."

"ಹೌದು."

"ಮೂರು ಸಲ ಅಂದೆ ಕಾಕಾ. ನೀವು ಮಂಡಿ ಒತ್ತಿ ಹಿಡದ್ರಿ."

"ಹೌದು."

ರುದ್ರವ್ವ ಒಲೆಯ ಮುಂದೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. ನಾನು ಎದ್ದೆ. ಬಾಗಿಲು ದಾಟುವಾಗ ಹಿಂದಿನಿಂದ ಕೇಳಿತು.

"ಯಕ್ಷಿತಾಗ ಹೇಳ್ರಿ. ಆಕಿ ನನ್ನ ಮುಂದ ಕುಂತು ಅತ್ತು ಹೋಗ್ಯಾಳ."

ಇದು ನನಗೆ ಗೊತ್ತಿರಲಿಲ್ಲ.

ಮೂರು ಮೆಟ್ಟಿಲು ಇಳಿದಿದ್ದೆ. ಮತ್ತೆ ಕೂಗಿದ. "ಕಾಕಾ! ನಾಳಿ ಒಂಬತ್ತಕ್ಕ ರಿಕ್ಷಾ ತರ್ರಿ."

ಮೆಟ್ಟಿಲ ಮೇಲೆ ಕುಳಿತೆ. ಮಂಡಿ ನನಗೂ ನೋಯುತ್ತದೆ, ಯಾರಿಗೂ ಹೇಳುವುದಿಲ್ಲ ಅಷ್ಟೇ.

ಅದೇ ದಿನ, ಸಂಜೆ 6

ಮುಲುಂಡಿಗೆ ಫೋನು ಮಾಡಿದೆ. "ತಪ್ಪು ನನ್ನದು, ನನ್ನ ಕೈಗೆ ಬಿಸಿ ಗೊತ್ತಾಗುದಿಲ್ಲ. ಎಲ್ಲರ ಮುಂದೆ ಹೇಳಿ ಆಗಿದೆ. ಬಾ" ಎಂದೆ. ಮೂಗು ಸೊರ್ ಎಂದದ್ದು ಕೇಳಿತು. ಆಮೇಲೆ —

"ಅಜ್ಜ, ನಿಮ್ಮ ಕೈಗೆ... ಡಾಕ್ಟರಿಗೆ ತೋರಿಸಿದ್ರಾ? ಎಷ್ಟು ದಿನದಿಂದ ಹಾಗೆ?"

ಬಯ್ಯುತ್ತಾಳೆ ಎಂದು ತಯಾರಾಗಿದ್ದೆ. ಇದಕ್ಕೆ ತಯಾರಾಗಿರಲಿಲ್ಲ. ಫೋನು ಇಟ್ಟುಬಿಟ್ಟೆ. ಮೋಹಿನಿ ನೋಡಿದಳು. ಮತ್ತೆ ಮಾಡಿದೆ. ನಾಳೆ ಬರುತ್ತಾಳೆ.

ಬಸವಂತಪ್ಪ ಬಾಗಿಲಿಗೆ ಬಂದು ನಿಂತ. ಈ ಸಲ ಒಳಗೆ ಬಂದ. ನೀರು ಕುಡಿದ. "ಆ ಹುಡುಗಿ ಮಾತು ಖರೇ ಇತ್ತು ಅಂದಂಗಾತು. ಹಂಗಾದ್ರ ನಡಿಯೋದೂ ಖರೇ ಇರಬೇಕು. ನಾಳಿ ಬಂದು ತೋರಸ್ಲಿ. ಬಲೆಯವಗ ಬ್ಯಾಡ ಅಂತ ಹೇಳ್ತೀನಿ." ಬಾಗಿಲಲ್ಲಿ ತಿರುಗಿ, "ಆದ್ರ ಕಾಕಾ, ಇನ್ನೊಬ್ಬಗ ಚುಚ್ಚಿದ್ರ—"

ಚಪ್ಪಲಿ ಮೆಟ್ಟಿಕೊಂಡು ಹೋದ.

ಸೆಪ್ಟೆಂಬರ್ 16, ಸೋಮವಾರ. ಸಂಜೆ

ಬೆಳಿಗ್ಗೆ ರಿಕ್ಷಾದಲ್ಲಿ ಯಲ್ಲಾಲಿಂಗ ಹೊರಗೆ ನೋಡುತ್ತ ಕುಳಿತ. ಪಟ್ಟಿ ಬಿಚ್ಚುವಾಗ ನನ್ನ ಕೈ ಹಿಡಿಯಲಿಲ್ಲ, ಬೆಂಚಿನ ಅಂಚು ಹಿಡಿದ. ಇರಲಿ. ಬರುವಾಗ ಸಿಗ್ನಲ್ಲಿನಲ್ಲಿ, "ಕಾಕಾ, ವಡಾಪಾವ್ ಕೊಡಸ್ರಿ" ಎಂದ. ಕೊಡಿಸಿದೆ. ಎರಡು.

ನಾಲ್ಕಕ್ಕೆ ಚಾಳಿನ ಅಂಗಳದಲ್ಲಿ ಪ್ರಾಕ್ಟೀಸ್. ಹನ್ನೆರಡು ಜನ. ಹಳೆ ಬಾಗಿಲು ಒಂದನ್ನು ಹೊತ್ತುಕೊಂಡರು, ಅದರ ಮೇಲೆ ಎರಡು ಮೂಟೆ ಮರಳು. ಯಕ್ಷಿತಾ ಮುಂದೆ ನಿಂತು ತೋರಿಸಿದಳು. ಕಾಲು ಎತ್ತಬಾರದು. ನೆಲಕ್ಕೆ ತಾಗಿಸಿ ಮುಂದಕ್ಕೆ ಸರಿಸು. ಮತ್ತೆ ಸರಿಸು.

ಡೋಲು ಬಿದ್ದ ತಕ್ಷಣ ಎಲ್ಲರ ಕಾಲೂ ಎದ್ದವು. ಡೋಲು ನಿಲ್ಲಿಸಿದರೆ ಸೊಂಟ ನೆಟ್ಟಗೆ ಮಾಡಿ, ಒಂದಕ್ಕೆ ಒಂದು ತಾಳ ಇಲ್ಲದೆ ತೆವಳಿದರು. ಮೇಲಿನ ಮಹಡಿಯ ಕಟಾಂಜನದಿಂದ ರುದ್ರವ್ವ ಕೂಗಿದಳು, "ಗಂಡಸೂರು ಎಲ್ಲ ಬಾಣಂತ್ಯಾರ ಹಂಗ ನಡದೀರಿ ನೋಡ್ರಿ!" ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಒಬ್ಬ ಬಾಗಿಲು ಬಿಟ್ಟು ಹೋಗಿಯೇಬಿಟ್ಟ. ಯಕ್ಷಿತಾಳ ಮುಖ ಸಣ್ಣದಾಯಿತು.

ಬಸವಂತಪ್ಪ ಸುಮ್ಮನೆ ಅವಳ ಕಾಲನ್ನೇ ನೋಡುತ್ತಿದ್ದ. "ಏ ತಡೀರಿ" ಎಂದ. "ತಂಗಿ, ಇನ್ನೊಮ್ಮಿ ನಡಿ."

ನಡೆದಳು.

"ಥೂ ನಿಮ್ಮ! ಇದು ಸ್ಲ್ಯಾಬ್ ನಡಿಗಿ ಅದನಲ್ರೋ!"

ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಹಸಿ ಕಾಂಕ್ರೀಟಿನಲ್ಲಿ ಇಳಿದಾಗ ಹಾಗೆಯೇ ನಡೆಯುವುದಂತೆ. ಕೆಳಗೆ ಸರಳಿನ ಜಾಲ, ಕಣ್ಣಿಗೆ ಕಾಣುವುದಿಲ್ಲ. ಕಾಲು ಎತ್ತಿ ಇಟ್ಟರೆ ತಂತಿ ಚುಚ್ಚುತ್ತದೆ. ಸರಿಸಿದರೆ ಸರಳು ಮೊದಲೇ ಪಾದಕ್ಕೆ ತಿಳಿಯುತ್ತದೆ. ದಿನಾ ಮಾಡುವ ಕೆಲಸ. ಹೇಳಿಕೊಟ್ಟದ್ದಲ್ಲ, ಕಾಲಿಗೆ ತಾನೇ ಬಂದದ್ದು.

"ಹಾಂ ಅಂಕಲ್! ಎಕ್ಸಾಕ್ಟ್ಲಿ! ನೀವು ಎಲ್ಲರಿಗೆ ಇದು ಬರ್ತದೆ!" ಎಂದು ಚಪ್ಪಾಳೆ ಹೊಡೆದಳು.

ಬಿಟ್ಟು ಹೋದವನೂ ತಿರುಗಿ ಬಂದ, ಮತ್ತೆ ಹೊತ್ತರು. ಈ ಸಲ ಒಂದೇ ಸಮ. ಸರ್... ಸರ್... ಅಂಗಳದ ಧೂಳು ಎದ್ದಿತು. ನಕ್ಕವರು ಬಾಯಿ ಮುಚ್ಚಿದರು. ಹೊರಲು ಆಗದ ಯಲ್ಲಾಲಿಂಗ ಮೇಲಿನಿಂದ ಲೆಕ್ಕ ಹಾಕಿ ಕೂಗಿದ, ಸೈಟಿನಲ್ಲಿ ಕೂಗುವ ಹಾಗೆ.

ಬೂಟಿನ ವಿಷಯಕ್ಕೆ ಸ್ವಲ್ಪ ಜಗಳ. ಕಾಂಕ್ರೀಟಿಗೆ ಹಾಕುವ ಗಮ್‌ಬೂಟು ಎಲ್ಲರ ಹತ್ತಿರವೂ ಉಂಟು. ಆದರೆ ದೇವರ ಜೊತೆ? ನನ್ನ ಕಡೆ ನೋಡಿದರು. ಹನ್ನೊಂದು ದಿನದ ಹಿಂದೆ ನಾನೇ ಹುಚ್ಚು ಎಂದು ಬರೆದವ. "ದಂಡೆವರೆಗೆ ಬರಿಗಾಲು. ಆರತಿ ಆದ ಮೇಲೆ, ನೀರಿಗೆ ಮಾತ್ರ ಬೂಟು. ದೇವರಿಗೆ ಬೇಕಾದ್ದು ನಿಮ್ಮ ಭುಜ, ನಿಮ್ಮ ಹಿಮ್ಮಡಿ ಅಲ್ಲ" ಎಂದೆ. ರುದ್ರವ್ವ ಹನ್ನೆರಡು ಜೊತೆ ಬೂಟನ್ನೂ ತೊಳೆದು ಅರಿಶಿನ ನೀರು ಚಿಮುಕಿಸಿ ಸಾಲಾಗಿ ಒಣಗಲು ಇಟ್ಟಿದ್ದಾಳೆ.

"ಬೂಟು ಇದ್ರೂ ಸ್ಲೈಡ್ ಮಾಡ್ಲೇಬೇಕು, ಮುಳ್ಳು ಬೂಟಿನ ಒಳಗೂ ಹೋಗ್ತದೆ" ಎಂದು ಯಕ್ಷಿತಾ ಹತ್ತು ಸಲ ಹೇಳಿದಳು. ಸಾಕು ಮಾರಾಯ್ತಿ ಎಂದೆ. ಇನ್ನೂ ಎರಡು ಸಲ ಹೇಳಿದಳು.

ಸೆಪ್ಟೆಂಬರ್ 17, ಮಂಗಳವಾರ. ಜುಹೂ, ಸಂಜೆ 4.40

ಬರೆಯುವ ಪುಸ್ತಕ ಇಲ್ಲಿಗೇ ತಂದೆ. ಕೆಲಸ ಕುಳಿತುಕೊಳ್ಳುವುದು, ಅದಕ್ಕೆ.

ಮರಳು ಕಾಣದಷ್ಟು ಜನ. ಡಬ್ಬ ನನ್ನ ಬಲಕ್ಕೆ, ಟಬ್ಬು ಎದುರಿಗೆ. ಯಕ್ಷಿತಾ ಥರ್ಮಾಮೀಟರ್ ತಂದಿದ್ದಾಳೆ, ದಾರ ಕಟ್ಟಿ ನನ್ನ ಕುತ್ತಿಗೆಗೆ ಹಾಕಿದ್ದಾಳೆ. ಗೂಳಿಗೆ ಗಂಟೆ ಕಟ್ಟಿದ ಹಾಗೆ. ಅಂಕಿ ಸಣ್ಣದು, ನನಗೆ ಕಾಣುವುದಿಲ್ಲ. ಹೇಳಲಿಲ್ಲ.

ಯಲ್ಲಾಲಿಂಗನೂ ಬಂದಿದ್ದಾನೆ. ಬರಬೇಡ ಎಂದರೆ ಕೇಳಲಿಲ್ಲ. ಕಾಲಿಗೆ ಪ್ಲಾಸ್ಟಿಕ್ ಕಟ್ಟಿಕೊಂಡು ರಿಕ್ಷಾದಲ್ಲಿ ಬಂದು ನನ್ನ ಪಕ್ಕ ಕುರ್ಚಿ ಹಾಕಿಸಿಕೊಂಡಿದ್ದಾನೆ. ನನ್ನ ಕುತ್ತಿಗೆ ನೋಡಿ ನಕ್ಕ. ಮೊದಲಿನ ಹಾಗೆ, ದೊಡ್ಡದಾಗಿ. ಎಷ್ಟೋ ದಿನದ ಮೇಲೆ ಕೇಳಿದೆ.

ಆರತಿ ಆಯಿತು. ಬೂಟು ಹಾಕಿಕೊಂಡರು. ಪಕ್ಕದ ಮಂಡಳಿಯವರು ಸಿಳ್ಳೆ ಹೊಡೆದರು. ಬಸವಂತಪ್ಪ ಅತ್ತ ತಿರುಗಿಯೂ ನೋಡಲಿಲ್ಲ.

4.55

ಇಳಿದರು. ಯಕ್ಷಿತಾ ಮತ್ತು ಅವಳ ಗುಂಪಿನ ಮೂವರು ಮುಂದೆ, ಕಾಲು ಸರಿಸುತ್ತ. ಹಿಂದೆ ನಮ್ಮವರು. ಡೋಲು ಮೆಲ್ಲಗೆ, ಸೈಟಿನ ಲೆಕ್ಕಕ್ಕೆ. ಮೊಣಕಾಲು ನೀರು.

ಯಕ್ಷಿತಾ ಕೈ ಎತ್ತಿದಳು. ಎಲ್ಲರೂ ನಿಂತರು. ಅವಳ ಮುಂದೆ ಮರಳು ಕದಡಿತು. ನಾನು ಕುರ್ಚಿಯ ಮೇಲೆ ಹತ್ತಿ ನಿಂತೆ, ಯಲ್ಲಾಲಿಂಗ ನನ್ನ ಸೊಂಟ ಹಿಡಿದ. ಕಂದು ಬಣ್ಣದ್ದು, ದೊಡ್ಡ ತಟ್ಟೆಯಷ್ಟು. ಕಾವಲಿ ಬಿಟ್ಟ ದೋಸೆಯ ಹಾಗೆ ಅಂಚು ಮೊದಲು ಎದ್ದಿತು, ಆಮೇಲೆ ಪೂರ್ತಿ ಎದ್ದು ಆಳದ ಕಡೆ ಜಾರಿ ಹೋಯಿತು. ಅದರ ಹಿಂದೆ ಇನ್ನೊಂದು, ಸಣ್ಣದು. ಅಂಗೈಯಷ್ಟು. ಮರಿ.

ಬಸವಂತಪ್ಪ ಭುಜದ ಮೇಲೆ ದೇವರನ್ನು ಹೊತ್ತುಕೊಂಡೇ ನಿಂತು, ಅವೆರಡೂ ಹೋಗುವ ತನಕ ಕಾದ. ಆಮೇಲೆ ಕಾಲು ಸರಿಸಿದ.

5.20

ಗಣಪತಿ ಹೋದ. ಹನ್ನೆರಡು ಜನರೂ ವಾಪಸು ಬರುತ್ತಿದ್ದಾರೆ. ಎಣಿಸಿದೆ. ಮತ್ತೆ ಎಣಿಸಿದೆ. ಎಲ್ಲರೂ ಸರಿಯಾಗಿಯೇ ನಡೆಯುತ್ತಿದ್ದಾರೆ. ಯಕ್ಷಿತಾ ಒದ್ದೆಯಾಗಿ ನಗುತ್ತಿದ್ದಾಳೆ. ಬಸವಂತಪ್ಪ ಅವಳ ತಲೆಯ ಮೇಲೆ ಕೈ ಇಟ್ಟ, ಇಡೀ ತಲೆ ಮುಚ್ಚುವಂಥ ಕೈ.

ಗಲಾಟೆ. ಪಕ್ಕದ ಮಂಡಳಿಯ ಕಡೆಯಿಂದ. ಸಿಳ್ಳೆ ಹೊಡೆದವರಲ್ಲಿ ಒಬ್ಬ. ಬರಿಗಾಲು. ಇಬ್ಬರು ಹೆಗಲು ಕೊಟ್ಟು ಎಳೆದು ತರುತ್ತಿದ್ದಾರೆ. ನಮ್ಮ ಕಡೆಗೇ.

ಟಬ್ಬಿಗೆ ಬಿಸಿ ಬಿಟ್ಟೆ. ತಣ್ಣೀರು ಹಾಕಿದೆ. ಥರ್ಮಾಮೀಟರಿನ ಅಂಕಿ ಕಾಣುವುದಿಲ್ಲ. ಕೈ ಅದ್ದಲು ಧೈರ್ಯವಿಲ್ಲ. ಯಲ್ಲಾಲಿಂಗ ಕುರ್ಚಿಯಿಂದ ಬಾಗಿದ. "ಆ ಕಡಿ ಸರೀರಿ ಕಾಕಾ. ನನಗ ಗೊತ್ತಾಗ್ತದ" ಎಂದು ತನ್ನ ಮೊಣಕೈ ಅದ್ದಿದ.

ತಣ್ಣೀರು ಎಂದ. ಹಾಕಿದೆ. ಇನ್ನೊಂದು ಮಗ್ಗು ಎಂದ. ಹಾಕಿದೆ. ಗಾಯದವ ಬೊಬ್ಬೆ ಹೊಡೆಯುತ್ತಿದ್ದಾನೆ, ಬೇಗ ಬೇಗ ಎನ್ನುತ್ತಾನೆ. ಯಲ್ಲಾಲಿಂಗ ಅವಸರ ಮಾಡುತ್ತಿಲ್ಲ. ಕಣ್ಣು ಮುಚ್ಚಿಕೊಂಡಿದ್ದಾನೆ. ತಡೀರಿ ಎನ್ನುತ್ತಿದ್ದಾನೆ. ಇನ್ನೂ ತಡೀರಿ. "ಈಗ ಪೆನ್ನು ಇಡ್ರಿ ಕಾಕಾ, ಕಾಲು ಹಿಡೀರಿ, ಮೆತ್ತಗ—"